ಹೆಡ್‌ಲೈಟ್ ಹಳದಿಯಾಗಿದೆ, ಟೂತ್‌ಪೇಸ್ಟ್ ಸಾಕಾ?

ಪ್ರಶ್ನೆ: ಹಳೇ ಕಾರು, ಸದಾ ಬಿಸಿಲಲ್ಲೇ ನಿಲ್ಲುತ್ತದೆ. ರಾತ್ರಿ ಶಿರಾಡಿ ಘಾಟಿಯಲ್ಲಿ ರಸ್ತೆಯ ಅಂಚೇ ಕಾಣುವುದಿಲ್ಲ. ಮನೆಯಲ್ಲೇ ಏನಾದರೂ ಮಾಡಬಹುದಾ?

ಉತ್ತರ: ಟೂತ್‌ಪೇಸ್ಟ್ ಸುಮ್ನೆ ಮೇಲುಮೇಲಿನ ಹೊಳಪು. ಹೆಡ್‌ಲೈಟಿನ ಮುಖ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಮೇಲಿನ ಕೋಟಿಂಗ್ ಬಿಸಿಲಿಗೆ ಹಾಳಾಗಿರುತ್ತದೆ, ಅದನ್ನೇ ತೆಗೆಯಬೇಕು. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. 800, 1500, 2000 ನಂಬರಿನ ವಾಟರ್ ಪೇಪರ್‌ನಿಂದ (ನೀರಲ್ಲಿ ಉಜ್ಜುವ ಮರಳು ಕಾಗದ), ನೀರು ಬಿಡುತ್ತಾ, ಇದೇ ಕ್ರಮದಲ್ಲಿ ಉಜ್ಜಿ. ಮೊದಲು ಹಳದಿ ನೀರು ಇಳಿಯುತ್ತದೆ. ಅದು ಬೆಳ್ಳಗಾಗುವವರೆಗೂ 800 ಬಿಡಬೇಡಿ. ಕೊನೆಗೆ ರಬ್ಬಿಂಗ್ ಕಾಂಪೌಂಡ್ (ಹೊಳಪು ತರುವ ಪೇಸ್ಟ್) ಹಾಕಿ ಉಜ್ಜಿ.

ಇನ್ನೊಬ್ಬರು: ಮಂಜು ಹೆಡ್‌ಲೈಟಿನ ಒಳಗಡೆ ಇದ್ದರೆ? ಎಷ್ಟು ಉಜ್ಜಿದರೂ ದಂಡ ಅಲ್ವಾ?

ಉತ್ತರ: ಹೌದು, ಆಗ ನೀರು ಒಳಗೆ ಹೋಗದಂತೆ ತಡೆಯುವ ಸೀಲ್ ನೋಡಿಸಿ.

ಪ್ರಶ್ನೆ ಕೇಳಿದವರು: ಕಾಂಪೌಂಡ್ ಆದಮೇಲೆ ಹಾಗೇ ಬಿಡಬಹುದಾ?

ಉತ್ತರ: ಬೇಡ ಮಾರಾಯ್ರೇ! ಯುವಿ ಕ್ಲಿಯರ್ ಕೋಟ್ (ಬಿಸಿಲು ತಡೆಯುವ ಪಾರದರ್ಶಕ ಲೇಪ) ಹೊಡೆಯದಿದ್ದರೆ ಮತ್ತೆ ಹಳದಿಯಾಗುತ್ತದೆ.