ಚಾರ್ಟರ್ ಹೈಸ್ಕೂಲ್ ಪ್ರಿನ್ಸಿಪಾಲ್ ಆಗುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸ್ಕೂಲು ಅಮೆರಿಕದ ಟೆಕ್ಸಾಸ್‌ನಲ್ಲಿ. ಚಾರ್ಟರ್ ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ. ಜಾಸ್ತಿ ಮಕ್ಕಳ ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲ. ಎಲ್ಲರಿಗೂ ಕಾಲೇಜು ಸೀಟು ಸಿಗಬೇಕು ಅನ್ನೋದು ಬೋರ್ಡಿನ ಗುರಿ.

ಉತ್ತರ 1: ಸೀಟು ಸಿಕ್ಕರೆ ಸಾಲದು ಮೇಡಂ. ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ 1994ರಲ್ಲಿ ಶುರುವಾದ ಕಿಪ್ (KIPP) ಅನ್ನೋ ಚಾರ್ಟರ್ ಶಾಲೆಗಳ ಸಂಸ್ಥೆ, ತನ್ನ ಮೊದಲ ಬ್ಯಾಚುಗಳ ಮಕ್ಕಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದಾಗ, ನಾಲ್ಕು ವರ್ಷದ ಡಿಗ್ರಿ ಮುಗಿಸಿದವರು ಸುಮಾರು 33% ಅಷ್ಟೇ. ಮುಚ್ಚಿಡಲಿಲ್ಲ, ಅದು ದೊಡ್ಡದು. ನೀವೂ ಡಿಗ್ರಿ ಮುಗಿಸಿದವರನ್ನೇ ಎಣಿಸಿ.

ಉತ್ತರ 2: ಬೇಸಿಗೆಯಲ್ಲಿ ಕೌನ್ಸೆಲರ್ ಇರಲೇಬೇಕು. ಮೇ ತಿಂಗಳಲ್ಲಿ ಸೀಟು ಪಕ್ಕಾ ಆದ ಮಕ್ಕಳೇ ಹಾಸ್ಟೆಲ್ ಡೆಪಾಸಿಟ್, ಮೆನಿಂಜೈಟಿಸ್ ಲಸಿಕೆಯ ಚೀಟಿ ಅಂತ ಒಂದೊಂದಕ್ಕೆ ಸಿಕ್ಕಿಕೊಂಡು ಆಗಸ್ಟ್‌ನಲ್ಲಿ ಮನೆಯಲ್ಲೇ ಉಳಿಯುತ್ತಾರೆ.

ಉತ್ತರ 3: ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಫಾಫ್ಸಾ (FAFSA) ಅರ್ಜಿಗೆ ಅಪ್ಪ ಅಮ್ಮನ ಆದಾಯದ ವಿವರ ಬೇಕು ಅಲ್ವಾ? ಶಿಫ್ಟ್ ಕೆಲಸದವರಿಗಾಗಿ ಶನಿವಾರ ಕಂಪ್ಯೂಟರ್ ಲ್ಯಾಬ್ ತೆರೆದಿಡಿ, ಸ್ಪ್ಯಾನಿಷ್ ಬಲ್ಲವರನ್ನು ಕೂರಿಸಿ.