ಗೆಳತಿ ಖಿನ್ನತೆಗೆ ಮಾತ್ರೆ ಶುರು ಮಾಡಬೇಕು, ಹೆದರಿದ್ದಾಳೆ. ನಾನು ಏನು ಹೇಳಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಗೆಳತಿಗೆ ಮನೋವೈದ್ಯರು ಎಸಿಟಾಲೊಪ್ರಾಮ್ ಬರೆದುಕೊಟ್ಟಿದ್ದಾರೆ. ಮಾತ್ರೆ ತಂದಿಟ್ಟಿದ್ದಾಳೆ, ಇನ್ನೂ ಸ್ಟ್ರಿಪ್ ಒಡೆದಿಲ್ಲ. "ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ ಅಲ್ವಾ? ನಾನು ನಾನಾಗಿರ್ತೀನಾ?" ಅಂತ ಕೇಳುತ್ತಾಳೆ. ಸುಮ್ನೆ "ಎಲ್ಲಾ ಸರಿಹೋಗುತ್ತೆ" ಅನ್ನೋಕೆ ನನಗೆ ಮನಸ್ಸು ಬರುತ್ತಿಲ್ಲ.

ಮನೋವೈದ್ಯೆ: ನೀವು ಕೇಳಿದ್ದು ಒಳ್ಳೆಯದಾಯಿತು. ಅವರಿಗೆ ಮೊದಲು ಹೇಳಬೇಕಾದ್ದು ಇದು: ಈ ಮಾತ್ರೆಯಲ್ಲಿ ತೊಂದರೆ ಮೊದಲು ಬರುತ್ತೆ, ಗುಣ ಆಮೇಲೆ ಬರುತ್ತೆ. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ಹೊಟ್ಟೆ ಕೆಡುವುದು, ನಿದ್ದೆ ಏರುಪೇರು, ಕೆಲವರಿಗೆ ಕಳವಳ ಇನ್ನೂ ಜಾಸ್ತಿ ಆಗುವುದು, ಇವೆಲ್ಲ ಇರಬಹುದು. ಎಲ್ಲರಿಗೂ ಆಗಲ್ಲ. ಆದವರಲ್ಲೂ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತೆ. ಮನಸ್ಸು ಹಗುರಾಗಲು ಮಾತ್ರ 2ರಿಂದ 4 ವಾರ ಬೇಕು, ಪೂರ್ತಿ ಫಲ ಕಾಣಲು 6ರಿಂದ 8 ವಾರವೂ ಆಗಬಹುದು. ಮಿದುಳಿನಲ್ಲಿ ಸಿರೊಟೋನಿನ್ ಅನ್ನೋ ರಾಸಾಯನಿಕ ಬೇಗನೇ ಹೆಚ್ಚುತ್ತೆ, ಆದರೆ ನರಕೋಶಗಳು ಅದಕ್ಕೆ ಹೊಂದಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಬಹಳ ಜನ ಈ ನಡುವಿನ ದಿನಗಳಲ್ಲೇ "ಇದರಿಂದ ಏನೂ ಆಗಲಿಲ್ಲ, ಹೊಟ್ಟೆ ಕೆಟ್ಟಿದ್ದಷ್ಟೇ" ಅಂತ ಬಿಟ್ಟುಬಿಡುತ್ತಾರೆ. ನೀವು ಜೊತೆಗಿರಬೇಕಾದ್ದು ಈ ದಿನಗಳಲ್ಲೇ.

ಚಟದ ಭಯಕ್ಕೆ ಉತ್ತರ: ಹೆಂಡ, ಸಿಗರೇಟಿನ ಹಾಗೆ ಇದಕ್ಕಾಗಿ ಮನಸ್ಸು ಹಾತೊರೆಯಲ್ಲ. ಆದರೆ ದಿಢೀರ್ ಅಂತ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುವುದು ಇದೆ. ಅದಕ್ಕೇ ಬಿಡುವಾಗ ಡಾಕ್ಟರು ಡೋಸ್ ನಿಧಾನಕ್ಕೆ ಇಳಿಸುತ್ತಾರೆ. "ನಾನಾಗಿರ್ತೀನಾ" ಅನ್ನೋದನ್ನೂ ಹಗುರವಾಗಿ ತಳ್ಳಿಹಾಕಬೇಡಿ. ಕೆಲವರಿಗೆ ಭಾವನೆಗಳೇ ಮಂಕಾದಂತೆ ಅನಿಸುತ್ತೆ, ಲೈಂಗಿಕ ಆಸಕ್ತಿ ಕಡಿಮೆಯಾಗುತ್ತೆ. ನಾಚಿಕೆಯಿಂದ ಹೇಳದೇ ಮಾತ್ರೆ ಬಿಡುವವರು ತುಂಬಾ ಇದ್ದಾರೆ. ಹೇಳಿದರೆ ಡೋಸ್ ಬದಲಿಸಬಹುದು, ಬೇರೆ ಮಾತ್ರೆ ನೋಡಬಹುದು.

ಪ್ರಶ್ನೆ: ಜೊತೆಗಿರೋದು ಅಂದ್ರೆ ಏನು ಮಾಡಲಿ ಮೇಡಂ? ದಿನಾ "ಮಾತ್ರೆ ತಗೊಂಡ್ಯಾ" ಅಂತ ಕೇಳಿದ್ರೆ ಅವಳಿಗೆ ಕಿರಿಕಿರಿ ಆಗುತ್ತೆ.

ಮನೋವೈದ್ಯೆ: ಆಗೇ ಆಗುತ್ತೆ. ಹೇಗೆ ನೆನಪಿಸಬೇಕು, ನೆನಪಿಸಲೇ ಬೇಕಾ ಅಂತ ಅವರನ್ನೇ ಕೇಳಿ. ನಿದ್ದೆ ಹೇಗಾಯಿತು, ಊಟ ಸೇರಿತಾ ಅಂತ ವಿಚಾರಿಸಿ, ಒಂದು ಸಾಲು ಬರೆದಿಟ್ಟುಕೊಳ್ಳಲು ಹೇಳಿ. ಮೂರನೇ ವಾರದಲ್ಲಿ ಅವರು "ಏನೂ ಬದಲಾಗಿಲ್ಲ" ಅಂದಾಗ, ಮೊದಲ ವಾರ ಹಾಸಿಗೆ ಬಿಟ್ಟು ಏಳೋದೇ ಕಷ್ಟವಾಗಿತ್ತು, ಈಗ ಸ್ನಾನ ಮಾಡಿ ಫೋನಿಗೆ ಉತ್ತರ ಕೊಡುತ್ತಿದ್ದಾರೆ ಅನ್ನೋದು ಅದರಲ್ಲಿ ಕಾಣಬಹುದು. ಎಷ್ಟೋ ಸಲ ಸುಧಾರಣೆ ಮಾತ್ರೆ ತಗೊಳ್ಳುವವರಿಗಿಂತ ಮೊದಲು ಜೊತೆಗಿರುವವರ ಕಣ್ಣಿಗೆ ಬೀಳುತ್ತೆ. ಒಂದು ಡೋಸ್ ಮರೆತರೆ ಮರುದಿನ ಎರಡು ನುಂಗಬಾರದು. ಮದ್ಯ ಬೇಡ. ಬೇರೆ ಯಾವ ಮಾತ್ರೆ ತಗೊಂಡರೂ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯಾದರೂ, ಮೊದಲು ಡಾಕ್ಟರಿಗೆ ಹೇಳಬೇಕು. ಅಂಥ ನೋವಿನ ಮಾತ್ರೆ, ಈ ಮಾತ್ರೆ ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ, ಅದರಲ್ಲೂ 25 ವರ್ಷದೊಳಗಿನವರಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು. "ಸಾಯಬೇಕು ಅನಿಸುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ನಿದ್ದೆಯೇ ಇಲ್ಲದೆ ಅತಿಯಾದ ಹುರುಪು, ಓತಪ್ರೋತ ಮಾತು ಕಂಡರೂ ಅವತ್ತೇ ತಿಳಿಸಿ.

ಇನ್ನೊಬ್ಬ ಸದಸ್ಯ: ನಾನೂ ಇದೇ ಜಾತಿಯ ಮಾತ್ರೆ ತಗೊಂಡಿದ್ದೆ. "ಹೀಗಾಗೋದು ಮಾಮೂಲು" ಅಂತ ಒಬ್ಬರು ಮೊದಲೇ ಹೇಳಿದ್ದು ನನ್ನನ್ನ ಉಳಿಸಿತು. ಚೆನ್ನಾಗಾದ ಮೇಲೆ ಎಷ್ಟು ದಿನ ತಗೋಬೇಕು ಮೇಡಂ?

ಮನೋವೈದ್ಯೆ: ಮೊದಲ ಸಲದ ಖಿನ್ನತೆಯಾದರೆ, ಪೂರ್ತಿ ಚೆನ್ನಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು. ಬೇಗ ಬಿಟ್ಟರೆ ಮರಳಿ ಬರುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು, ಅದನ್ನ ಅವರ ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಇದನ್ನ ಅವಳಿಗೇ ಓದಿ ಹೇಳುತ್ತೇನೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಬರಲಾ ಅಂತಲೂ ಕೇಳುತ್ತೇನೆ.