ಸಹಾಯ ಬೇಕು: ಫ್ರಾನ್ಸಿನಲ್ಲಿ ಕನ್ನಡದ ಜನನ ಪ್ರಮಾಣಪತ್ರ

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಲಿಮೋಜ್ ಸಮೀಪದ ಸಣ್ಣ ಊರಿನ ಶಾಲೆಯೊಂದರಲ್ಲಿ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ವಾರಕ್ಕೆ 12 ಗಂಟೆಗಳಂತೆ, ಇಂಗ್ಲಿಷ್ ಭಾಷಾ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಗೆ ನಾನು ಕಳಿಸಿದ ನನ್ನ ಜನನ ಪ್ರಮಾಣಪತ್ರ ಪೂರ್ತಿ ಕನ್ನಡದಲ್ಲಿದ್ದು, ನಾಮಕರಣಕ್ಕೆ ಮೊದಲೇ ನೋಂದಣಿ ಮಾಡಿಸಿದ್ದರಿಂದ ಮಗುವಿನ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ ಎಳೆದಿರುವ ಕಾರಣ, ಅರ್ಜಿ ಎರಡು ಬಾರಿ ವಾಪಸಾಗಿದೆ. ಅರ್ಜಿ ಒಪ್ಪಿಗೆಯಾಗುವವರೆಗೆ ಹಲ್ಲುನೋವಿಗೂ ಕೈಯಿಂದಲೇ ಯೂರೋ ತೆರಬೇಕು; ಕಳೆದ ವಾರ ತೆತ್ತದ್ದೂ ಆಯಿತು.

ಕನ್ನಡದಿಂದ ನೇರವಾಗಿ ಫ್ರೆಂಚಿಗೆ ಅನುವಾದಿಸುವ, ಇಲ್ಲಿನ ನ್ಯಾಯಾಲಯದ ಮಾನ್ಯತೆಯುಳ್ಳ ಅನುವಾದಕರು ಯಾರಿಗಾದರೂ ಸಿಕ್ಕಿದ್ದಾರೆಯೇ? ಅಥವಾ ಮೊದಲು ನಮ್ಮೂರಿನಲ್ಲಿ ಹೆಸರು ಸೇರಿಸಿ, ಕನ್ನಡ–ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ತರಿಸುವುದೇ ಸರಿಯೇ? ನನ್ನ ಪರವಾಗಿ ತಂದೆಯವರೇ ಹೋದರೆ ಸಾಕೇ, ಯಾವ ದಾಖಲೆಗಳನ್ನು ಒಯ್ಯಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.